ಅಣ್ಣನ ಇಷ್ಟದ ಪಟ್ಟಿ

ಮೇಡಂ ಮೇಜಿನ ಎಡಗಡೆ ಮೊಬೈಲ್ ಇಟ್ಟರು, ಬಲಗಡೆ ಕೆಂಪು ಚೆಂಡು ಇಟ್ಟರು. ಆಮೇಲೆ ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತರು.

ಅಣ್ಣ ಎರಡನ್ನೂ ನೋಡಲಿಲ್ಲ. ಬಾಗಿಲು ನೋಡುತ್ತಿದ್ದ.

“ತಗೋ ಕಂದ, ಯಾವ್ದು ಬೇಕೋ ತಗೋ,” ಅಂದರು ಮೇಡಂ. ಇವತ್ತು ಅವರು ಈ ಮಾತು ಹೇಳಿದ್ದು ಒಂಬತ್ತನೆಯ ಸಲ. ಗೋಡೆಗೆ ಒರಗಿ ನಿಂತಿದ್ದ ಕಡ್ಡಿ ಎಣಿಸುತ್ತಿದ್ದಳು.

ಕಡ್ಡಿ ಅಂದರೆ ಅಣ್ಣನ ತಂಗಿ. ಐದನೇ ಕ್ಲಾಸು. ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಕೈಕಾಲು ಸಣ್ಣಗೆ ಇದ್ದದ್ದಕ್ಕೆ ಎಲ್ಲರ ಬಾಯಲ್ಲೂ ಕಡ್ಡಿ. ಪಕ್ಕದ ಕುರ್ಚಿಯಲ್ಲಿ ಅಮ್ಮ ಕೂತಿದ್ದಳು. ಲಾಂಡ್ರಿಯಲ್ಲಿ ಪರ್ಮಿಷನ್ ಕೇಳಿ ಬೇಗ ಬಂದಿದ್ದಳು. ಅದರ ಬದಲಿಗೆ ಬೆಳಗ್ಗೆ ಐದಕ್ಕೇ ಹೋಗಿದ್ದಳು. ಈಗ ಕೂತಲ್ಲೇ ತೂಕಡಿಸುತ್ತಿದ್ದಳು.

ಅಣ್ಣನ ಕೈ ಮೇಲೆದ್ದಿತು. ಮೊಬೈಲಿನ ಹತ್ತಿರ ಹೋಯಿತು. ಅಣ್ಣ ಮೊಬೈಲನ್ನು ಬೋರಲು ಹಾಕಿ ಎದ್ದವನೇ ಓಡಿದ. ಕುರ್ಚಿ ಉರುಳಿದ ಸದ್ದಿಗೆ ಅಮ್ಮನಿಗೆ ಎಚ್ಚರವಾಯಿತು.

ಸ್ವಲ್ಪ ಹೊತ್ತಿಗೆ ಆಯಾ ಅವನ ಮಣಿಕಟ್ಟು ಹಿಡಿದು ಎಳೆದುಕೊಂಡು ಬಂದಳು. ಅಂಗಿಯ ತೋಳು ಮೊಣಕೈವರೆಗೆ ಒದ್ದೆ. ಹಿತ್ತಲಿನಲ್ಲಿ ಸಿಕ್ಕಿದನಂತೆ, ಮೂರು ದಿನದಿಂದ ಇದೇ ಆಟವಂತೆ, ಓಡಿ ಓಡಿ ತನಗೆ ಮಂಡಿ ಹಿಡಿದುಕೊಂಡಿದೆಯಂತೆ. ಇಷ್ಟನ್ನೂ ಆಯಾ ಒಂದೇ ಉಸಿರಿನಲ್ಲಿ ಹೇಳಿದಳು.

ಮೇಡಂ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಅವರಿಗೂ ಸಾಕಾಗಿತ್ತು.

ಅಲ್ಲಿಗೆ ಮಾತು, ಊಟ ಕಲಿಯಲು ಅಣ್ಣನಂಥ ಮಕ್ಕಳು ಬರುತ್ತಿದ್ದರು. ಎಲ್ಲರೂ ಅದನ್ನು ಸೆಂಟರ್ ಅನ್ನುತ್ತಿದ್ದರು. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ. ಒಂದು ಜಾಗ ಖಾಲಿಯಾಗಿತ್ತು. ಅಣ್ಣನಿಗೆ ಸಿಗಬೇಕಾದರೆ ಅವನು ಅಲ್ಲಿ ನಿಲ್ಲಬೇಕು. ನಿಲ್ಲಬೇಕಾದರೆ ಅವನಿಗೆ ಇಷ್ಟವಾದದ್ದು ಒಂದಾದರೂ ಅಲ್ಲಿರಬೇಕು.

“ಇಲ್ಲಿ ಆರು ಮಕ್ಕಳಿಗೆ ನಾವು ಇಬ್ಬರು,” ಅಂದರು ಮೇಡಂ. “ಇಷ್ಟದ್ದು ಒಂದು ಸಿಕ್ಕಿಬಿಟ್ರೆ ಅದನ್ನ ಇಟ್ಕೊಂಡೇ ಊಟ, ಮಾತು, ಎಲ್ಲಾ ಕಲಿಸ್ತೀನಿ. ಏನೂ ಬೇಡ ಅನ್ನೋನು ಗೇಟ್ ದಾಟಿ ರಸ್ತೆಗೆ ಹೋದ್ರೆ ಏನಮ್ಮಾ ಮಾಡ್ಲಿ? ನೀವು ಬರೆದುಕೊಟ್ಟ ಹತ್ತನ್ನೂ ಇಟ್ಟು ನೋಡಿದ್ದಾಯ್ತು.”

ಮುಂದಿನ ಸೋಮವಾರ ಇನ್ನೊಂದು ಸಲ ನೋಡೋಣ, ಆಗಲೂ ಆಗದಿದ್ದರೆ ಕಾದಿರುವ ಇನ್ನೊಂದು ಮಗುವಿಗೆ ಜಾಗ ಕೊಡಬೇಕಾಗುತ್ತದೆ ಅಂದರು. ಅಲ್ಲಿವರೆಗೆ ಮನೆಯಲ್ಲೇ ಎರಡೆರಡು ವಸ್ತು ಇಟ್ಟು ನೋಡಿ, ಯಾವುದಕ್ಕೆ ಕೈ ಹಾಕುತ್ತಾನೆ ಬರೆದಿಡಿ ಅಂದರು. ಇನ್ನೂ ಏನೋ ಒಂದು ಮುಖ್ಯವಾದ ಮಾತು ಹೇಳಿದರು. ಆ ಹೊತ್ತಿಗೆ ಕಡ್ಡಿಯ ಮನಸ್ಸು ಶಾಲೆಯ ಮೈದಾನದಲ್ಲಿತ್ತು. ಅವಳ ಕಿವಿಗೆ ಅದು ಅರ್ಧವೇ ಬಿತ್ತು. ಅಮ್ಮ ಅಷ್ಟರಲ್ಲೇ ಮತ್ತೆ ತೂಕಡಿಸುತ್ತಿದ್ದಳು.

ಮೈದಾನದಲ್ಲಿ ರಿಲೇ ಓಟದ ಪ್ರಾಕ್ಟೀಸ್ ನಡೆಯುತ್ತಿತ್ತು. ಕಡ್ಡಿ ಓಡಿದರೆ ಹಿಂದಿನಿಂದ ಕಾಲು ಕಾಣುತ್ತಿರಲಿಲ್ಲ, ಧೂಳು ಮಾತ್ರ. ಪೀಟಿ ಸರ್ ಅವಳನ್ನು ಆರಿಸಿದ್ದರು. ಪ್ರಾಕ್ಟೀಸ್ ಶಾಲೆ ಬಿಟ್ಟ ಮೇಲೆ. ಶಾಲೆ ಬಿಟ್ಟ ಮೇಲೆ ಕಡ್ಡಿ ಮನೆಯಲ್ಲಿರಬೇಕು. ಅಪ್ಪ ಬಸ್ ಡ್ರೈವರ್. ನಾಲ್ಕು ಗಂಟೆಗೆ ಅವನ ಡ್ಯೂಟಿ ಶುರು. ಅಮ್ಮ ಬರುವುದು ಏಳಕ್ಕೆ. ನಾಲ್ಕರಿಂದ ಏಳರವರೆಗೆ ಅಣ್ಣನನ್ನು ನೋಡಿಕೊಳ್ಳುವುದು ಕಡ್ಡಿ. ಹೀಗೆ ಎರಡು ವರ್ಷವಾಗಿತ್ತು.

ಅಣ್ಣನಿಗೆ ಹದಿನಾಲ್ಕು ವರ್ಷ. ಮೀಸೆ ಚಿಗುರುತ್ತಿತ್ತು. ಮಾತಿರಲಿಲ್ಲ. ಹುಟ್ಟುವುದಕ್ಕೆ ಮೊದಲೇ ಹಾಗಾದದ್ದು. ಮೈ ಹೇಗೆ ಬೆಳೆಯಬೇಕು ಅಂತ ಪ್ರತಿಯೊಬ್ಬರ ಒಳಗೂ ಕಣ್ಣಿಗೆ ಕಾಣದಷ್ಟು ಸಣ್ಣ ಬರಹವಿರುತ್ತದಂತೆ, ಜೀನ್ ಅಂತ ಅದರ ಹೆಸರಂತೆ, ಅಣ್ಣನ ಬರಹದಲ್ಲಿ ಒಂದು ಚೂರು ಬಿಟ್ಟುಹೋಗಿದೆಯಂತೆ. ಡಾಕ್ಟರು ಹೇಳಿದ್ದನ್ನು ಕಡ್ಡಿ ಒಮ್ಮೆ ಕ್ಲಾಸಿನಲ್ಲಿ ಹೇಳಿದಾಗ, ಹಿಂದಿನ ಬೆಂಚಿನವನೊಬ್ಬ ತನ್ನ ಹತ್ತಿರ ಎರಡು ಜೀನ್ಸ್ ಇದೆ, ಬೇಕಾದರೆ ಒಂದು ಕೊಡುತ್ತೇನೆ ಅಂದಿದ್ದ. ಎಲ್ಲರೂ ನಕ್ಕಿದ್ದರು. ಕಡ್ಡಿಗೂ ನಗು ಬಂದುಬಿಟ್ಟಿತ್ತು. ಅದಕ್ಕೇ ಅವಳಿಗೆ ಇವತ್ತಿಗೂ ಆ ಹುಡುಗನ ಮೇಲೆ ಸಿಟ್ಟು.

ಮನೆಗೆ ಬರುವಾಗ ಅಮ್ಮ ಒಂದು ಕೈ ಹಿಡಿದಿದ್ದಳು, ಕಡ್ಡಿ ಇನ್ನೊಂದು. ನಡುವೆ ಅಣ್ಣ ತಲೆ ಅಲ್ಲಾಡಿಸುತ್ತ ಬರುತ್ತಿದ್ದ.

ಇಷ್ಟದ ಪಟ್ಟಿ ಬರೆದವಳು ಕಡ್ಡಿಯೇ. ಫಾರಂ ಬಂದ ದಿನ ಅಮ್ಮ ಕಾಲನ್ನು ಬಿಸಿನೀರಿನಲ್ಲಿ ಇಳಿಬಿಟ್ಟು, “ನೀನೇ ಬರಿ ಮರಿ, ಅವನ ವಿಷಯ ನಿನಗೆ ಗೊತ್ತಲ್ಲ,” ಅಂದಿದ್ದಳು. ಕಡ್ಡಿ ಐದೇ ನಿಮಿಷದಲ್ಲಿ ಬರೆದಿದ್ದಳು. ಮೊಬೈಲ್, ಚೆಂಡು, ಚಿತ್ರದ ಪುಸ್ತಕ, ಬಣ್ಣದ ಪೆನ್ಸಿಲ್, ಆಟದ ಬಸ್ಸು, ಹೀಗೆ ಹತ್ತು. ಈಗ ಅದನ್ನು ಒಂದೊಂದಾಗಿ ನೆನೆಸಿಕೊಂಡಳು. ಚೆಂಡು ಎಸೆಯುವವಳು ಅವಳು. ಅಣ್ಣ ನಿಂತಿರುತ್ತಾನೆ, ಚೆಂಡು ಬಂದು ಅವನ ಹೊಟ್ಟೆಗೆ ಬಡಿಯುತ್ತದೆ. ಚಿತ್ರದ ಪುಸ್ತಕ ಓದುವವಳೂ ಅವಳೇ. ಆಟದ ಬಸ್ಸು ತಂದದ್ದು ಅಪ್ಪ, ಬಿಡುವಿದ್ದಾಗ ಓಡಿಸುವುದೂ ಅಪ್ಪ. ಮೊಬೈಲನ್ನು ಊಟದ ಹೊತ್ತಿಗೆ ಅಣ್ಣನ ಮುಂದಿಡುತ್ತಿದ್ದರು. ತುತ್ತು ಬಾಯಿಗೆ ಹೋಗುವವರೆಗೆ ಅವನು ಅಲ್ಲಾಡದಿರಲಿ ಅಂತ.

ಹತ್ತರಲ್ಲಿ ಒಂದೂ ಅವನದಾಗಿರಲಿಲ್ಲ. ಕಡ್ಡಿ ಇದನ್ನು ಅಮ್ಮನಿಗೆ ಹೇಳಲಿಲ್ಲ.

ಮಂಗಳವಾರ ಅಪ್ಪ ಹೊರಟ ಮೇಲೆ ಕಡ್ಡಿ ಎರಡು ಸ್ಟೂಲು ತಂದು ಅಣ್ಣನ ಮುಂದಿಟ್ಟಳು. ಹಳೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದಳು. ಅವನ ಎಡಕ್ಕೆ ಕನ್ನಡಿ, ಬಲಕ್ಕೆ ಚಮಚ. ಅಣ್ಣ ಬಾಗಿಲ ಕಡೆ ನೋಡಿದ. ಆಮೇಲೆ ಚಮಚ ಎತ್ತಿಕೊಂಡ.

ಕಡ್ಡಿಗೆ ನಂಬಿಕೆಯಾಗಲಿಲ್ಲ. ಎಡಕ್ಕೆ ಗೊಂಬೆ, ಬಲಕ್ಕೆ ಬಾಚಣಿಗೆ ಇಟ್ಟಳು. ಬಾಚಣಿಗೆ. ಎಡಕ್ಕೆ ಗಿಲಕಿ, ಬಲಕ್ಕೆ ರಬ್ಬರ್. ರಬ್ಬರ್. ಅವಳ ಪೆನ್ನು ಓಡಿತು. ಬುಧವಾರವೂ ಹಾಗೇ. ಎರಡು ದಿನದಲ್ಲಿ ಒಂದು ಪುಟ ತುಂಬ ಟಿಕ್ ಮಾರ್ಕು. ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ತೋರಿಸಿದಳು. ಬಹಳ ದಿನದ ಮೇಲೆ ಅಮ್ಮನ ಮುಖ ಸ್ವಲ್ಪ ಅರಳಿತು. ಅಯ್ಯೋ ಪಾಪ, ನನ್ನ ಮಗನಿಗೆ ಚಮಚ, ಬಾಚಣಿಗೆ ಸಾಕಾ, ಎಷ್ಟು ಕಡಿಮೆ ಆಸೆಯವನು ಅಂತ ಅವನ ತಲೆ ಸವರಿದಳು.

ಗುರುವಾರ ಅಪ್ಪ ಡ್ಯೂಟಿಗೆ ಹೊರಡುವ ಮೊದಲು ನೋಟ್‌ಬುಕ್ ನೋಡಿದ. ಟೋಪಿ ಕೈಯಲ್ಲೇ ಇತ್ತು. ನೋಡುತ್ತ ನೋಡುತ್ತ ಅವನ ಹುಬ್ಬು ಗಂಟಿಕ್ಕಿತು. ಇಡೀ ದಿನ ಎಡಬಲ ನೋಡಿಕೊಂಡೇ ಬದುಕುವವನ ಕಣ್ಣು ಅದು.

“ಕಡ್ಡಿ, ಇವನು ತಗೊಂಡಿದ್ದೆಲ್ಲಾ ಬಲಗಡೆ ಇಟ್ಟಿದ್ದೇ ಅಲ್ವಾ?”

ಕಡ್ಡಿ ಮೇಲಿಂದ ಕೆಳಗೆ ನೋಡಿದಳು. ಹೌದು. ಒಂದೂ ಬಿಡದೆ ಹೌದು.

ಅಪ್ಪ ತನ್ನ ಒಂದು ಹಳೇ ಚಪ್ಪಲಿಯನ್ನು ಬಲಗಡೆ ಸ್ಟೂಲಿನ ಮೇಲೆ ಇಟ್ಟ. ಎಡಕ್ಕೆ ಚಮಚ ಇಟ್ಟ. ಅಣ್ಣ ಚಪ್ಪಲಿ ಎತ್ತಿಕೊಂಡ. ಅಪ್ಪ ಚಪ್ಪಲಿಯನ್ನೂ ತೆಗೆದು ಬಲಗಡೆ ಏನೂ ಇಡಲಿಲ್ಲ. ಅಣ್ಣನ ಕೈ ಆಗಲೂ ಬಲಗಡೆಗೇ ಹೋಯಿತು, ಬರೀ ಸ್ಟೂಲನ್ನು ಮುಟ್ಟಿ ವಾಪಸ್ಸು ಬಂತು.

ಬೇಗ ಮುಗಿಸಿ ಏಳೋಣ ಅಂತ ಬಲಗೈಗೆ ಹತ್ತಿರವಾದದ್ದಕ್ಕೆ ಕೈ ಹಾಕುತ್ತಿದ್ದ, ಅಷ್ಟೇ. ಎಡಬಲ ಬದಲಾಯಿಸಿ ಬದಲಾಯಿಸಿ ಇಡಿ ಅಂತ ಮೇಡಂ ಅವತ್ತು ಹೇಳಿದ್ದು ಅದಕ್ಕೇ. ಕಡ್ಡಿಗೆ ಈಗ ನೆನಪಾಯಿತು, ಅರ್ಧ ಕೇಳಿಸಿಕೊಂಡ ಮಾತು ನೆನಪಾಗುವ ಹಾಗೆ. ಅಪ್ಪ ಬೈಯಲಿಲ್ಲ. ನಿಮ್ಮಣ್ಣನಿಗೆ ರೈಟ್ ಟರ್ನ್ ಅಂದರೆ ಇಷ್ಟ ಅಂತ ಬರೆದುಬಿಡು ಅಂತ ನಗಿಸಲು ನೋಡಿದ. ಅವನ ಮುಖದಲ್ಲೇ ನಗು ನಿಲ್ಲಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಕಡ್ಡಿ ಆ ಪುಟವನ್ನು ಹರಿದು ಹಾಕಿದಳು. ಮಾರನೆಯ ದಿನ ಪೀಟಿ ಸರ್ ಅವಳನ್ನು ಕರೆದು, ಇನ್ನು ಕಾಯುವುದಕ್ಕೆ ಆಗುವುದಿಲ್ಲ, ರಿಲೇಯಲ್ಲಿ ಮೊದಲು ಓಡಲು ಬೇರೆಯವಳನ್ನು ಹಾಕಿದ್ದೇನೆ, ಬರುವ ವಾರ ಬಂದರೆ ಬೇರೆ ಜಾಗ ನೋಡೋಣ ಅಂದರು. ಅವಳು ಆಯ್ತು ಸರ್ ಅಂದಳು. ಅಳು ಬರಲಿಲ್ಲ. ಅಳಲಿಕ್ಕೂ ಒಂದು ಶಕ್ತಿ ಬೇಕು.

ಶನಿವಾರ ಅಪ್ಪ ಹೊರಟ ಮೇಲೆ ಅವಳು ಬಾಗಿಲ ಚಿಲಕ ಹಾಕುವುದನ್ನು ಮರೆತಳು. ನೀರು ಕುಡಿದು ತಿರುಗಿ ನೋಡಿದರೆ ಅಣ್ಣ ಇಲ್ಲ.

ಮೆಟ್ಟಿಲಿಳಿದು ಓಡಿದಳು. ಮೂಲೆಯ ಅಂಗಡಿಯವನು ಅಣ್ಣ ಹೋದ ದಿಕ್ಕಿಗೆ ಕೈ ತೋರಿಸಿದ. ಅವನಿಗೂ ಇದು ಅಭ್ಯಾಸ. ಎರಡು ಬೀದಿ ದಾಟುವಷ್ಟರಲ್ಲಿ ಕಡ್ಡಿಯ ಮೀನಖಂಡ ಹಿಡಿದುಕೊಂಡಿತು. ಕುಂಟುತ್ತ ಹೋದಳು. ದೊಡ್ಡ ಕಟ್ಟಡವೊಂದರ ಹಿಂದೆ, ಬಾಡಿಗೆ ಮನೆಯವರೆಲ್ಲ ಬಟ್ಟೆ ಒಣಹಾಕುವ ಜಾಗದಲ್ಲಿ, ಅಣ್ಣ ನಿಂತಿದ್ದ.

ಇಲ್ಲಿ ಅವನು ಸಿಕ್ಕಿದ್ದು ಇದು ಮೊದಲ ಸಲವಲ್ಲ. ನಾಲ್ಕನೆಯದೋ ಐದನೆಯದೋ. ಪ್ರತಿ ಸಲ ಕಡ್ಡಿ ಬಂದವಳೇ ರಟ್ಟೆ ಹಿಡಿದು ಎಳೆದುಕೊಂಡು ಹೋಗಿದ್ದಳು. ಇವತ್ತು ಎಳೆಯುವ ತ್ರಾಣ ಉಳಿದಿರಲಿಲ್ಲ. ಗೋಡೆ ಹಿಡಿದು ನಿಂತಳು. ಕಾಲು ಸರಿಯಾಗಲಿ ಅಂತ ಕಾಯುತ್ತ ಅವನನ್ನು ನೋಡಿದಳು.

ಹಗ್ಗದ ಮೇಲೆ ಆಗತಾನೇ ಹಾಕಿದ ಬೆಡ್‌ಶೀಟಿತ್ತು. ಅದರ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅಣ್ಣ ಅಂಚನ್ನು ಎರಡು ಕೈಯಲ್ಲೂ ಹಿಡಿದು ಮೆಲ್ಲಗೆ ತಿರುಚಿದ. ನೀರು ಇಳಿಯಿತು. ಇನ್ನೂ ತಿರುಚಿದ. ಇನ್ನೂ ಇಳಿಯಿತು. ಒಂದೊಂದೇ ಹನಿಯಾಗಿ ನಿಂತುಹೋಗುವವರೆಗೆ ಕಾದ. ಕೊನೆಯ ಹನಿ ಬಿದ್ದ ಮೇಲೆ ಅಷ್ಟನ್ನು ಬಿಟ್ಟು, ಪಕ್ಕದ ಅಂಚು ಹಿಡಿದ. ಚಮಚ ಕೊಟ್ಟರೆ ಬೀಳಿಸುವ ಕೈ ಅದು. ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಬೆರಳು. ತಲೆ ಅಲ್ಲಾಡುತ್ತಿರಲಿಲ್ಲ.

ಸೆಂಟರಿನಲ್ಲೂ ಹಿತ್ತಲಿಗೇ ಓಡಿದ್ದ. ಮೂರು ದಿನವೂ ಅಲ್ಲಿಗೇ. ಅಲ್ಲಿ ಆಯಾ ಟವೆಲ್ ಒಗೆಯುತ್ತಾಳೆ. ತೋಳು ಒದ್ದೆಯಾದದ್ದನ್ನು ಎಲ್ಲರೂ ಬೈದುಕೊಂಡು ಒರೆಸಿದ್ದರು. ಓಡಿಹೋಗುತ್ತಾನೆ, ಓಡಿಹೋಗುತ್ತಾನೆ ಅಂತ ಎಲ್ಲರೂ ಅಂದರು. ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ. ಕಡ್ಡಿಯೂ ಕೇಳಿರಲಿಲ್ಲ.

ಕಾಲಿನ ಸೆಳೆತ ಬಿಟ್ಟಿತ್ತು. ಆದರೂ ಅವಳು ಅಲ್ಲೇ ನಿಂತಿದ್ದಳು. ಬೆಡ್‌ಶೀಟಿನ ಮನೆಯಾಕೆ ಕಿಟಕಿಯಿಂದ ಬಗ್ಗಿ, “ಏಯ್, ಕೊಳೆ ಮಾಡ್ಬೇಡ್ರೋ,” ಅಂತ ಕೂಗುವವರೆಗೂ.

ಭಾನುವಾರ ಅಮ್ಮನಿಗೆ ರಜೆ. ರಜೆ ಅಂದರೆ ಮನೆಯ ಬಟ್ಟೆ ಒಗೆಯುವ ದಿನ. ಅಣ್ಣನಿಗೆ ಎದೆ ಮೆತ್ತಗೆ, ನೆಗಡಿಯಾದರೆ ಮೂರು ವಾರ ಹಿಡಿಯುತ್ತಿತ್ತು. ಹಾಗಾಗಿ ಪ್ರತಿ ಭಾನುವಾರ ಬಚ್ಚಲಿನ ಬಾಗಿಲು ಒಳಗಿನಿಂದ ಭದ್ರ. ಅಣ್ಣ ಹೊರಗೆ ನಿಂತು ಬಾಗಿಲು ಬಡಿಯುತ್ತಿದ್ದ. ಅಮ್ಮ ಬೇಕು ಅಂತ ಹಟ ಮಾಡುತ್ತಾನೆ ಅಂತ ಮನೆಯವರು ತಿಳಿದಿದ್ದರು. ಎಷ್ಟೋ ವರ್ಷದಿಂದ.

ಕಡ್ಡಿ ಬಾಗಿಲಿಗೆ ಬಾಯಿಟ್ಟು, “ಅಮ್ಮಾ, ತೆಗಿ. ಅವನಿಗೆ ಬಟ್ಟೆ ಹಿಂಡ್ಬೇಕು,” ಅಂದಳು.

ಒಳಗಿನಿಂದ ಅಮ್ಮ, ನಿನಗೂ ಬುದ್ಧಿ ಕೆಟ್ಟಿತಾ, ಇದ್ದ ಕೆಲಸವೇ ಹೊರಲಾರದಷ್ಟಿದೆ ಅಂತ ಗೊಣಗಿದಳು. ಕಡ್ಡಿ ಬಿಡಲಿಲ್ಲ. ನಿನ್ನೆ ಕಂಡದ್ದನ್ನು ಬಾಗಿಲಿಗೇ ಹೇಳಿದಳು, ಬೆಡ್‌ಶೀಟು, ಸೆಂಟರಿನ ಹಿತ್ತಲು, ಒದ್ದೆ ತೋಳು, ಎಲ್ಲವನ್ನೂ. ಒಳಗೆ ನೀರಿನ ಸದ್ದು ನಿಂತಿತು. ಚಿಲಕ ತೆಗೆದ ಸದ್ದಾಯಿತು.

ಎರಡು ಸ್ಟೂಲು ಇಟ್ಟರು. ಎಡಕ್ಕೆ ಒದ್ದೆ ಟವೆಲ್, ಬಲಕ್ಕೆ ಮೊಬೈಲ್. ಅಣ್ಣ ಬಲಗೈಯನ್ನು ಅಡ್ಡಹಾಯಿಸಿ ಎಡಗಡೆಯ ಟವೆಲ್ ಎತ್ತಿದ. ಬದಲಾಯಿಸಿದರು. ಟವೆಲ್. ಅಪ್ಪನೂ ಹಾಸಿಗೆಯಿಂದ ಎದ್ದುಬಂದು ಕಣ್ಣುಜ್ಜುತ್ತ ನಿಂತ. ಒಣ ಟವೆಲ್, ಒದ್ದೆ ಟವೆಲ್ ಇಟ್ಟು ನೋಡೋಣ ಅಂದ. ಒದ್ದೆಯದು. ಆರು ಸಲ ಇಟ್ಟರು, ಆರು ಸಲವೂ ಅದೇ. ಎಡವೂ ಇಲ್ಲ, ಬಲವೂ ಇಲ್ಲ.

ಅಮ್ಮ ಬಚ್ಚಲ ಹೊಸಿಲ ಮೇಲೆ ಕುಸಿದು ಕೂತಳು. ಅವಳ ಅಂಗೈ ಬೆಳ್ಳಗೆ ಸುಕ್ಕುಗಟ್ಟಿತ್ತು. ವಾರದಲ್ಲಿ ಆರು ದಿನ ಊರವರ ಬಟ್ಟೆ, ಏಳನೆಯ ದಿನ ಮನೆಯದು.

“ಒದ್ದೆ ಬಟ್ಟೆ ಕಂಡ್ರೆ ನನಗೆ ವಾಕರಿಕೆ ಬರುತ್ತೆ,” ಅಂದಳು. “ಇವನಿಗೆ ಅದೇ ಬೇಕಾ?”

ಸ್ವಲ್ಪ ಹೊತ್ತು ಅಣ್ಣನನ್ನೇ ನೋಡಿದಳು. ಸಂಜೆ ಅವಳು ಕೆಲಸದಿಂದ ಬಂದ ತಕ್ಷಣ ಅಣ್ಣ ಅವಳ ತೋಳಿಗೆ ಮುಖ ಒತ್ತಿ ನಿಲ್ಲುತ್ತಿದ್ದ. ದಿನಕ್ಕೆ ಅದೊಂದು ಗಳಿಗೆ ಅಮ್ಮನ ಆಯಾಸ ಇಳಿಯುತ್ತಿತ್ತು.

“ಹಾಗಾದ್ರೆ ದಿನಾ ಬಂದು ಮೂಸ್ತಿದ್ದದ್ದು ನನ್ನನ್ನೋ, ನನ್ನ ಮೈಮೇಲಿನ ಸೋಪನ್ನೋ?” ಅಂತ ಕೇಳಿ ನಕ್ಕಳು. ನಗುತ್ತಲೇ ಮುಖ ಆ ಕಡೆ ತಿರುಗಿಸಿಕೊಂಡಳು.

ಅಪ್ಪ ಎರಡೂ ಇರಬಹುದು ಅಂದ. ಆಮೇಲೆ ಅಮ್ಮ ಎದ್ದು ಅಣ್ಣನ ಅಂಗಿ ಬಿಚ್ಚಿ, ಅಪ್ಪನ ಹಳೇ ರೈನ್‌ಕೋಟ್ ತೊಡಿಸಿ, ಬಕೆಟ್ ಮುಂದೆ ಕೂರಿಸಿದಳು. ಅವತ್ತು ಮನೆಯ ಬಟ್ಟೆಯೆಲ್ಲ ಅಣ್ಣನೇ ಹಿಂಡಿದ. ಮಧ್ಯಾಹ್ನ ಎರಡಾಯಿತು. ಒಂದು ದಿಂಬಿನ ಕವರು ಮಾತ್ರ ಹರಿಯಿತು.

ಸೋಮವಾರ ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. ನಂಬಿದೆ ಅನ್ನಲಿಲ್ಲ, ನಂಬಲಿಲ್ಲ ಅಂತಲೂ ಅನ್ನಲಿಲ್ಲ. ಅವರದು ಇಟ್ಟು ನೋಡುವ ಜಾತಿ. ಮೊದಲು ಬರೀ ನೀರಿನ ಟಬ್ಬನ್ನೂ ಒದ್ದೆ ಬಟ್ಟೆಯನ್ನೂ ಇಟ್ಟರು. ಅಣ್ಣ ಬಟ್ಟೆ ತೆಗೆದುಕೊಂಡ. ಒದ್ದೆ ಸ್ಪಂಜನ್ನೂ ಒದ್ದೆ ಬಟ್ಟೆಯನ್ನೂ ಇಟ್ಟರು. ಬಟ್ಟೆ. ಜಾಗ ಬದಲಾಯಿಸಿದರು. ಬಟ್ಟೆಯೇ. ಬರೆದುಕೊಳ್ಳುತ್ತಿದ್ದ ಮೇಡಂ, ನೀರಲ್ಲ, ತಿರುಚಿ ಹಿಂಡುವುದು ಇಷ್ಟ ಅಂತ ತಮ್ಮಷ್ಟಕ್ಕೇ ಅಂದುಕೊಂಡರು. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಬಾಗಿಲು ತೆರೆದೇ ಇತ್ತು. ಅಣ್ಣ ಆ ಕಡೆ ತಿರುಗಿಯೂ ನೋಡಲಿಲ್ಲ.

ಆಯಾ ಸೊಂಟಕ್ಕೆ ಕೈಕೊಟ್ಟು ನಿಂತಿದ್ದವಳು, ಇವನಿಗೊಂದು ಪ್ಲಾಸ್ಟಿಕ್ ಏಪ್ರನ್ ಕೊಡಿ ಮೇಡಂ, ನನ್ನ ಮಂಡಿಯಾದರೂ ಉಳಿಯಲಿ ಅಂದಳು. ಮೇಡಂ ಅಮ್ಮನ ಕಡೆ ತಿರುಗಿದರು.

“ನಾಳೆಯಿಂದ ಕಳಿಸಿ,” ಅಂದರು.

ಅಮ್ಮ ಎರಡು ಸಲ ತಲೆಯಾಡಿಸಿದಳು. ಆಮೇಲೆ ಮೇಡಂ ಪಟ್ಟಿಯ ಹೊಸ ಹಾಳೆಯನ್ನು ಕಡ್ಡಿಯ ಕೈಗೆ ಕೊಟ್ಟರು. ಕಡ್ಡಿ ಒಂದೇ ಸಾಲು ಬರೆದಳು. ಉಳಿದ ಒಂಬತ್ತು ಸಾಲು ಖಾಲಿ ಬಿಟ್ಟಳು. ತುಂಬಿಸು ಅಂತ ಮೇಡಂ ಹೇಳಲಿಲ್ಲ.

ಆ ವಾರ ಕಡ್ಡಿ ಪ್ರಾಕ್ಟೀಸಿಗೆ ಹೋದಳು. ರಿಲೇಯಲ್ಲಿ ಮೂರನೆಯ ಸರದಿ ಸಿಕ್ಕಿತು. ಮೊದಲನೆಯದು ಹೋದದ್ದು ಹೋಯಿತು. ಗುರುವಾರ ಪ್ರಾಕ್ಟೀಸ್ ಮುಗಿಸಿ, ಕಾಲಿನ ತುಂಬ ಧೂಳು ಹೊತ್ತು, ಅಣ್ಣನನ್ನು ಕರೆದೊಯ್ಯಲು ಸೆಂಟರಿಗೆ ಬಂದಳು. ಐದು ಗಂಟೆ ಹೊಡೆದಿತ್ತು. ಬೇರೆ ಮಕ್ಕಳೆಲ್ಲ ಹೋಗಿದ್ದರು.

ಹಿತ್ತಲಿನಲ್ಲಿ ಅಣ್ಣ ಏಪ್ರನ್ ಕಟ್ಟಿಕೊಂಡು ಮಣೆಯ ಮೇಲೆ ಕೂತಿದ್ದ. ಎದುರಿಗೆ ಬಕೆಟ್. ಕಡ್ಡಿ ಬಂದದ್ದು ಅವನಿಗೆ ಗೊತ್ತಾಯಿತು. ಒಂದು ಸಲ ಕಣ್ಣೆತ್ತಿ ನೋಡಿದ, ಮತ್ತೆ ಕೈಯಲ್ಲಿದ್ದ ಟವೆಲ್ಲಿಗೆ ಮರಳಿದ. ಬಾರೋ ಅನ್ನುವ ಮಾತು ಅವಳ ನಾಲಿಗೆಯ ತುದಿಯವರೆಗೆ ಬಂತು. ಮನೆಯಲ್ಲಿ ಹೋಮ್‌ವರ್ಕ್ ಇತ್ತು, ಹಸಿವಿತ್ತು, ಕಾಲು ಬಿದ್ದುಹೋಗುವಂತಿತ್ತು.

ಅವಳು ಮೆಟ್ಟಿಲ ಮೇಲೆ ಕೂತು ಬ್ಯಾಗು ಪಕ್ಕಕ್ಕಿಟ್ಟಳು.

ಬೀಗದ ಗೊಂಚಲು ಹಿಡಿದು ಆಯಾ ಬಂದಳು. “ಏನೇ, ಕೂತ್ಬಿಟ್ಟೆ? ಎಬ್ಬಿಸ್ಕೊಂಡು ಹೊರಡು, ನಾನೂ ಮನೆಗೆ ಹೋಗ್ಬೇಕು.”

“ಇನ್ನು ಎರಡೇ ಇದೆ ಆಂಟಿ,” ಅಂದಳು ಕಡ್ಡಿ. “ಮುಗಿಸ್ಲಿ.”

ಆಯಾ ಬಕೆಟ್‌ನೊಳಗೆ ಬಗ್ಗಿ ನೋಡಿದಳು. ನಿಟ್ಟುಸಿರು ಬಿಟ್ಟು ಮಂಡಿ ಹಿಡಿದುಕೊಂಡು ಕಡ್ಡಿಯ ಪಕ್ಕದಲ್ಲೇ ಕೂತಳು. ಅಣ್ಣನ ಕೈಯಲ್ಲಿದ್ದ ಟವೆಲ್ಲಿನಿಂದ ಹನಿ ಇನ್ನೂ ಬೀಳುತ್ತಿತ್ತು, ತಡೆದು ತಡೆದು. ಅದು ನಿಲ್ಲುವವರೆಗೆ ಮೂವರೂ ಕಾದರು.